ಮೇದೋಜೀರಕ ಅಂದರೇನು?

ಸ್ನೇಹಿತರೇ, ಇವತ್ತು ಅರಸೀಕೆರೆಯ ಆಸ್ಪತ್ರೆಯಲ್ಲಿ ಪಕ್ಕದ ಮನೆಯ ಗೌರಕ್ಕ ಗಂಡನ ರಿಪೋರ್ಟನ್ನು ನನ್ನ ಕೈಗಿತ್ತರು.

"ಮೇಷ್ಟ್ರೇ, ಮೇದೋಜೀರಕದಲ್ಲಿ ಗಡ್ಡೆ ಐತೆ ಅಂದ್ರು. ಹಂಗಂದ್ರೇನು?"

ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ನಾಲಿಗೆ ನನ್ನದು. ರಿಪೋರ್ಟು ಬಿಡಿಸುವ ಮೊದಲೇ ಶುರುಮಾಡಿದೆ. "ಸಂಸ್ಕೃತದ ಪದ ಗೌರಕ್ಕ. ಮೇದಸ್ಸು ಅಂದ್ರೆ ಕೊಬ್ಬು, ಜೀರಕ ಅಂದ್ರೆ ಅರಗಿಸೋದು. ನಮ್ಮ ಜೀರಿಗೆಗೂ ಅದರಿಂದಲೇ ಹೆಸರು ಬಂದಿದ್ದು."

ಅವರ ಮುಖ ಅರಳಿತು. "ಅಷ್ಟೇನಾ? ಕ್ಯಾನ್ಸರ್ರೇನೋ ಅಂತ ಹೆದ್ರಿದ್ದೆ. ಜೀರಿಗೆ ಕಷಾಯ ಕಾಸ್ಕೊಡ್ತೀನಿ ಬಿಡಿ."

ಆಮೇಲೆ ರಿಪೋರ್ಟು ಓದಿದೆ. ಕೊನೆಯ ಸಾಲಿನಲ್ಲಿ ಅವರು ಹೆದರಿದ್ದ ಕ್ಯಾನ್ಸರ್ರೇ ಇತ್ತು. ಬೆಂಚಿನ ಮೇಲೆ ಕೂರಿಸಿ, ಅದನ್ನೂ ಹೇಳಬೇಕಾಯಿತು. ಬಹಳ ಹೊತ್ತು ಅತ್ತು, "ಮೊದ್ಲೇ ಹೇಳ್ಬಾರ್ದಿತ್ತಾ ಮೇಷ್ಟ್ರೇ?" ಅಂದರು.

ಅರ್ಥ ಕೇಳುವವರಿಗೆಲ್ಲ ವ್ಯುತ್ಪತ್ತಿ ಬೇಕಿರುವುದಿಲ್ಲ. ಇದು ನನಗೆ ತಿಳಿದದ್ದು ನಿವೃತ್ತಿಯಾದ ಮೇಲೆ.