ಹುಳದ ಮನೆಯಲ್ಲಿ ಲಾಟ್ವಿಯಾ ಮಾತು

ಆಗ ನನಗೆ ಅರವತ್ತೊಂದು. ನಾಲ್ಕು ವರ್ಷದ ಹಿಂದಿನ ಮಾತು. ಮುನಿಲಕ್ಷ್ಮಿ ಕುಡುಗೋಲು ಆಡಿಸೋದನ್ನ ನೋಡಬೇಕಿತ್ತು. ಒಂದು ಏಟಿಗೆ ಒಂದು ಮಾತು. ಹಿಪ್ಪುನೇರಳೆ ಕಡ್ಡಿ ಹಿಡಿದು 'ವಾಟರ್' ಅಂತ ಕೊಯ್ಯೋಳು, 'ಊದೆನ್ಸ್' ಅಂತ ಕಂಕುಳಿಗೆ ಸೇರಿಸೋಳು. 'ಮಿಲ್ಕ್', ಚಕ್. 'ಪಿಯೆನ್ಸ್'. ಸುಗಟೂರಿನ ನಮ್ಮ ತೋಟದಲ್ಲಿ ಒಂದು ಹೊರೆ ಸೊಪ್ಪು ಆಗೋ ಹೊತ್ತಿಗೆ ಮೂವತ್ತು ಮಾತು ಮುಗಿದಿರೋವು. ಬದುವಿನ ಮೇಲೆ ಹೋಗೋರು ನಿಂತು ಕೇಳೋರು, "ಇದ್ಯಾವ ಮಂತ್ರನಮ್ಮಾ, ಹುಳಕ್ಕಾ ಸೊಪ್ಪಿಗಾ?"

ಅದು ಲಾಟ್ವಿಯಾ ಅನ್ನೋ ದೇಶದ ಭಾಷೆ. ಎಲ್ಲಿದೆ ಅಂತ ನನ್ನ ಕೇಳಬೇಡಿ. ಮುನಿಲಕ್ಷ್ಮಿ ತಂಗಿ ಮಗಳು ಅಲ್ಲಿ ಹೋಟ್ಲು ಇಟ್ಟಿದ್ದಳು. ಅವಳಿಗೆ ಪುರುಸೊತ್ತಿಲ್ಲವಂತೆ, ತಿಂಡಿ ಪಟ್ಟೀನ ಇಂಗ್ಲಿಷಿಂದ ಅಲ್ಲಿಯೋರ ಮಾತಿಗೆ ಮಾಡಿ ಕಳಿಸು ದೊಡ್ಡಮ್ಮ ಅಂದಳಂತೆ. ಅಲ್ಲಿರೋಳಿಗೆ ಇಲ್ಲಿಂದ ಯಾಕೆ ಕಳಿಸಬೇಕು ಅಂತ ನಾನು ಕೇಳಲಿಲ್ಲ. ಅದು ನನ್ನ ದಡ್ಡತನ.

ಮುನಿಲಕ್ಷ್ಮಿ ಮುಳಬಾಗಿಲು ಕಡೆಯೋಳು, ಮನೆಮಾತು ತೆಲುಗು. ನನ್ನ ಹಾಗೇ ಗಂಡ ಇಲ್ಲದೋಳು. ಎಸ್ಸೆಸ್ಸೆಲ್ಸಿ ಪಾಸು. ಹನ್ನೊಂದು ವರ್ಷ ನಾವಿಬ್ಬರೂ ಕೂಡಿ ರೇಷ್ಮೆ ಹುಳ ಸಾಕಿದೆವು. ತೋಟ ನಂದು, ಹುಳದ ಮನೆ ನಂದು, ಕೈ ಇಬ್ಬರದೂ. ಹುಳದ ತಟ್ಟೆ ಜೋಡಿಸೋ ಸ್ಟ್ಯಾಂಡು ಎರಡು, ಬಾಗಿಲ ಕಡೆದು ನಾನು ನೋಡಬೇಕು, ಕಿಟಕಿ ಕಡೆದು ಅವಳು.

ಅವಳ ಬಾಯಲ್ಲಿ ಒಂದೇ ಮಾತು, "ಪೋನೀಲೇ ಅಕ್ಕಾ." ಹೋಗಲಿ ಬಿಡು ಅಂತ. ಒಂದು ಸಲ ಇಡೀ ಬೆಳೆ ಹುಳ ಸುಣ್ಣಕಟ್ಟು ರೋಗಕ್ಕೆ ಸತ್ತು, ಗುಂಡಿ ತೋಡಿ ಮುಚ್ಚಿದೆವು. ನಾನು ದೇವರಿಂದ ಹಿಡಿದು ಮೊಟ್ಟೆ ಕೊಟ್ಟೋನವರೆಗೂ ಬೈತಾ ಕೂತೆ. ಅವಳು ಕೈ ತೊಳೆದು ಬಂದು, "ಪೋನೀಲೇ ಅಕ್ಕಾ, ಹುಳ ಸತ್ತವು, ನಮ್ಮ ಕೈ ಸತ್ತಿಲ್ಲವಲ್ಲ" ಅಂತ ನೆಲ ಉಜ್ಜೋಕೆ ಕೂತಳು. ಅಂಥೋಳನ್ನ ನಂಬದೆ ಇನ್ಯಾರನ್ನ ನಂಬಲಿ.

ಫೋನಲ್ಲಿ ಕೇಳಿ ಕಲಿತ ಮಾತು ಬರೆಯೋಕೆ ಮದುವೆ ಪತ್ರಿಕೆಗಳನ್ನ ಕತ್ತರಿಸಿ ರಟ್ಟು ಮಾಡಿದ್ದಳು. ಒಂದು ಕಡೆ ಇಂಗ್ಲಿಷ್ ಮಾತು, ಹಿಂದುಗಡೆ ಲಾಟ್ವಿಯಾದ್ದು, ಎರಡೂ ಕನ್ನಡ ಅಕ್ಷರದಲ್ಲಿ. ನಾನು ರಾತ್ರಿ ಶಾಲೇಲಿ ಎರಡು ತಿಂಗಳು ಕೂತೋಳು, ಅಕ್ಷರ ಕೂಡಿಸಿ ಓದ್ತೀನಿ. ಮಧ್ಯಾಹ್ನ ಸೊಪ್ಪು ಹಾಕಿ ಆದಮೇಲೆ ನಾನು ರಟ್ಟು ಹಿಡಿಯೋದು, ಅವಳು ಒಪ್ಪಿಸೋದು. ತಪ್ಪಿದ್ರೆ ಹಿಪ್ಪುನೇರಳೆ ಕಡ್ಡೀಲಿ ಮೊಣಕಾಲಿಗೆ ಒಂದು ಬಿಡ್ತಿದ್ದೆ. "ಯಾವ ಮೇಷ್ಟ್ರೂ ನಿನ್ನಷ್ಟು ಹೊಡೆದಿಲ್ಲ ಅಕ್ಕಾ" ಅಂತ ನಗೋಳು.

ಮೊದಮೊದಲು ಉಪ್ಪು, ಅನ್ನ, ಬ್ರೆಡ್ಡು. ಆಮೇಲೊಂದು ದಿನ 'ಕೀ' ಅಂತ ರಟ್ಟು ಬಂತು. ಹಿಂದುಗಡೆ 'ಅತ್ಸ್ಲೇಗ'.

"ಲೇ, ಬೀಗದ ಕೈ ಯಾವ ತಿಂಡಿನೇ?"

"ಹೋಟ್ಲಿಗೆ ಬೀಗ ಬೇಡವೇನಕ್ಕಾ?"

ಮಾರನೇ ವಾರ 'ಮೈ ರೂಮ್', 'ಮನ ಇಸ್ತಬ'. ನನ್ನ ಕೋಣೆ ಅಂತ. ಅದಾದಮೇಲೆ 'ಐ ಯಾಮ್ ಕೋಲ್ಡ್', ನನಗೆ ಚಳಿ ಅಂತ. ನಾನು ರಟ್ಟು ಕೆಳಗಿಟ್ಟೆ.

"ಯಾರಿಗೇ ಚಳಿ? ನೇರವಾಗಿ ಹೇಳು. ಹೋಗ್ತೀಯಾ?"

ಹುಳದ ಮನೇಲಿ ಸುಳ್ಳಾಡಬಾರದು ಅಂತ ನಮ್ಮತ್ತೆ ಕಾಲದಿಂದ ಇದೆ. ಸುಳ್ಳಾಡಿದ್ರೆ ಹುಳ ಗೂಡು ಕಟ್ಟಲ್ಲ ಅಂತಾರೆ. ಅವಳು ಎದ್ದು ಹೋಗಿ ಅವಳ ಸ್ಟ್ಯಾಂಡಿನ ಹುಳದ ಮೇಲೆ ಅಂಗೈ ಇಟ್ಟಳು. "ಈ ಹುಳದಾಣೆ ಅಕ್ಕಾ. ನಿನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?" ನಾನು ಇನ್ನೊಂದು ರಟ್ಟು ಎತ್ತಿದೆ.

ಹುಳ ನಾಲ್ಕು ಸಲ ಜ್ವರಕ್ಕೆ ಕೂರ್ತವೆ. ಜ್ವರ ಅಂದ್ರೆ ಚರ್ಮ ಬಿಡೋ ಹೊತ್ತು, ಆಗ ಸೊಪ್ಪು ಮುಟ್ಟಲ್ಲ, ನಮಗೂ ಒಂದು ದಿನ ಬಿಡುವು. ನಾಲ್ಕನೇ ಜ್ವರ ಬಿಟ್ಟು ಎದ್ದವು ಅಂದ್ರೆ ಮಾತ್ರ ಏಳು ದಿನ ರಾಕ್ಷಸರ ಹಾಗೆ ತಿಂತವೆ, ಇಬ್ಬರು ನಿಂತ್ರೂ ಸಾಲದು. ಆ ನಾಲ್ಕನೇ ಜ್ವರದ ದಿನ ಅವಳು, "ಅಮ್ಮನಿಗೆ ಹುಷಾರಿಲ್ಲ, ಮುಳಬಾಗಿಲಿಗೆ ಹೋಗಿ ಸಂಜೆಗೆ ಬರ್ತೀನಿ" ಅಂದಳು. ನಾನೇ ಅವಳ ತಾಯಿಗೆ ಅಂತ ಎರಡು ಹಾಗಲಕಾಯಿ ಕೊಟ್ಟು ಕಳಿಸಿದೆ.

ಹುಳಕ್ಕೆ ಹಾಕೋ ಸುಣ್ಣದ ಪುಡಿ ಮುಗಿದಿತ್ತು. ತರೋಣ ಅಂತ ನಾನೂ ಮುಂದಿನ ಬಸ್ಸಿಗೆ ಕೋಲಾರಕ್ಕೆ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸಿನ ಹತ್ರ ನಿಂತಿದ್ದಳು. ಕಾಲ ಹತ್ರ ನಾನು ಯಾವತ್ತೂ ನೋಡದ ದೊಡ್ಡ ಸೂಟ್‌ಕೇಸು. ಸುಡೋ ಬಿಸಿಲಲ್ಲಿ ಕೈಮೇಲೆ ಕಂಬಳಿ ದಪ್ಪದ ಕೋಟು.

"ಮುಳಬಾಗಿಲು ಬಸ್ಸು ಆ ಕಡೆ ನಿಲ್ಲೋದು ಕಣೇ" ಅಂದೆ.

ಅವಳ ಮುಖ ಸುಣ್ಣ ಬಳಿದ ಗೋಡೆ ಆಯ್ತು. "ಅಕ್ಕಾ."

"ಎಷ್ಟು ದಿನಕ್ಕೆ?"

"ಎರಡು ವರ್ಷಕ್ಕೆ ಕಾಗದ ಆಗಿದೆ. ಹೋಟ್ಲಲ್ಲಿ ಅಡುಗೆ ಕೆಲಸ."

"ಹುಳದ ಮೇಲೆ ಕೈ ಇಟ್ಟೆಯಲ್ಲೇ."

ಕೋಟನ್ನ ಈ ಕೈಯಿಂದ ಆ ಕೈಗೆ ಹಾಕಿಕೊಂಡಳು. ಆಮೇಲೆ ಕೇಳಿದಳು, "ಹೇಳಿದ್ರೆ ನೀನು ರಟ್ಟು ಹಿಡೀತಿದ್ಯಾ ಅಕ್ಕಾ?"

ಹಿಡೀತಿದ್ದೆ. ಬಾಯಿಗೆ ಬಂದ ಹಾಗೆ ಬೈದು ಹಿಡೀತಿದ್ದೆ. ಅವಳಿಗೆ ಅದನ್ನ ಹೇಳಲಿಲ್ಲ. ಹನ್ನೊಂದು ವರ್ಷ ಪಕ್ಕದಲ್ಲಿ ನಿಂತೋಳಿಗೆ ಅಷ್ಟೂ ಗೊತ್ತಾಗಿಲ್ಲ ಅಂದಮೇಲೆ ಹೇಳಿ ಏನಾಗಬೇಕು? ಹೋಗೋರು ಹೋಗ್ತಾರೆ. ಇವಳು ನನ್ನ ಕೈಲೇ ಪಾಠ ಹೇಳಿಸಿಕೊಂಡು, ನನಗೇ ಸುಳ್ಳು ಹೇಳಿ ಹೋದಳು.

ಬಸ್ಸು ಹೊರಟಾಗ ಕಿಟಕೀಲಿ 'ಪೋನೀಲೇ' ಅಂತಾಳೇನೋ ಅಂತ ನೋಡಿದೆ. ಅನ್ನಲಿಲ್ಲ. ಅಂದಿದ್ರೆ ಚಪ್ಪಲಿ ಕೈಗೆ ತಗೋತಿದ್ದೆ. ಸುಣ್ಣದ ಪುಡಿ ತಗೊಂಡು ಮನೆಗೆ ಬಂದೆ.

ಮಾರನೇ ಬೆಳಿಗ್ಗೆ ಹುಳ ಎದ್ದು ತಲೆ ಆಡಿಸ್ತಿದ್ದವು. ಮೊಳೆಗೆ ನೇತು ಹಾಕಿದ್ದ ರಟ್ಟಿನ ಕಟ್ಟು ತೆಗೆದು ನೀರೊಲೆಗೆ ಹಾಕಿದೆ. ಕುಡುಗೋಲು ತಗೊಂಡು ಒಬ್ಬಳೇ ತೋಟಕ್ಕೆ ಹೋದೆ. ಬಾಯಿ ಮುಚ್ಚಿಕೊಂಡು ಎರಡು ಹೊರೆ ಕೊಯ್ದೆ. ಮೂರನೇದಕ್ಕೆ ನೋಡ್ತೀನಿ, ಕಡ್ಡಿಗೊಂದು ಮಾತು ನನ್ನ ಬಾಯಿಂದಲೇ ಬರ್ತಿದೆ. ವಾಟರ್, ಊದೆನ್ಸ್. ಮಿಲ್ಕ್, ಪಿಯೆನ್ಸ್. ಥೂ ಅಂತ ಉಗಿದು ಹೊರೆ ಕಟ್ಟಿದೆ. ಬಂದು ಕಿಟಕಿ ಕಡೆ ಸ್ಟ್ಯಾಂಡಿಗೆ ಮೊದಲು ಸೊಪ್ಪು ಹಾಕಿದೆ. ಯಾರು ಹಾಕಿದ್ದು ಅಂತ ಅವು ನೋಡಲಿಲ್ಲ, ತಿನ್ನೋಕೆ ಹತ್ತಿದವು.