ಮನ್ಯಾಗೇ ಇದ್ದಾಳಲ್ಲ, ಕಳಿಸ್ರಿ!

ಕಾಲು ಭಾಗ ಅಂದರೆ ಎಷ್ಟು ಎಂದು ಮಗಳಿಗೆ ತೋರಿಸಲು ಒಂದು ಜೋಳದ ರೊಟ್ಟಿಯನ್ನು ನಾಲ್ಕು ತುಂಡು ಮಾಡಿ ತಟ್ಟೆಯಲ್ಲಿಟ್ಟಿದ್ದೆ. ಗ್ಯಾಸ್ ಸಿಲಿಂಡರಿನವನು ಕೂಗಿದ ಎಂದು ಹೊರಗೆ ಹೋಗಿ ಬರುವಷ್ಟರಲ್ಲಿ ಮೂರು ತುಂಡು ಮಾಯ! ಮೊಬೈಲ್ ಅಂಗಡಿ ತೆರೆಯುವ ಅವಸರದಲ್ಲಿದ್ದ ನನ್ನ ಮೈದುನ ಅವಕ್ಕೆ ಪುಂಡಿಪಲ್ಯ ಹಚ್ಚಿಕೊಂಡು ತಿಂದು ಹೋಗಿದ್ದ.

"ಈಗ ಎಷ್ಟು ಉಳೀತು ಹೇಳು?" ಎಂದೆ.

"ಕಾಲು ಭಾಗ. ಅದು ನಂಗ ಬೇಕು ಅವ್ವ, ಹಸಿವಾಗ್ಯದ."

ಪಾಠ ಮುಗಿಯಿತು. (ಭಿನ್ನರಾಶಿಯನ್ನು ಇದಕ್ಕಿಂತ ಬೇಗ ಕಲಿಸಿದವರು ಯಾರಾದರೂ ಇದ್ದರೆ ಕೈ ಎತ್ತಿ.)

ನಮ್ಮದು ಬೀದರಿನ ನೌಬಾದಿನಲ್ಲಿರುವ ಮನೆ. ನಾನು, ಗಂಡ, ಅತ್ತೆ, ಮೈದುನ, ನಾಲ್ಕನೇ ಕ್ಲಾಸಿನ ಮಗಳು ಸ್ನೇಹಾ. ಶಾಲೆಗೆ ಹೋಗುವ ರಸ್ತೆಯನ್ನು ಅಗೆದು ಬಿಟ್ಟಾಗಿನಿಂದ ಅವಳಿಗೆ ಕೆಮ್ಮು, ಉಬ್ಬಸ. ಸಂಜೆ ಆಟೋದಿಂದ ಇಳಿದರೆ ಎದೆಯೊಳಗಿಂದ ಸುಂಯ್ ಎಂಬ ಸದ್ದು. ಡಾಕ್ಟರು, "ಧೂಳಿನ ಕಡಿ ಬಿಡಬ್ಯಾಡ್ರಿ. ಪರೀಕ್ಷಾ ತನಕ ಮನ್ಯಾಗೇ ಓದಿಸ್ರಿ" ಅಂದರು.

ಶಾಲೆಯ ಹೆಡ್ ಮೇಡಂ ಕೂಡ ಒಪ್ಪಿದರು. ಆದರೆ ಒಂದು ಮಾತು ಸೇರಿಸಿದರು. ಪರೀಕ್ಷೆ ಸರಿಯಾಗಿ ಬರೆದರೆ ಐದನೇ ಕ್ಲಾಸು. ಇಲ್ಲದಿದ್ದರೆ ಇನ್ನೊಂದು ವರ್ಷ ನಾಲ್ಕರಲ್ಲೇ ಕೂರಿಸುವುದು ಒಳ್ಳೆಯದು. ಅದನ್ನು ಕೇಳಿಸಿಕೊಂಡ ದಿನದಿಂದ ಸ್ನೇಹಾಳಿಗೆ ಒಂದೇ ಚಿಂತೆ. "ಪಲ್ಲವಿ ಐದಕ್ಕ ಹೋಗಿ ನಾ ಇಲ್ಲೇ ಉಳಿದ್ರ ಹ್ಯಾಂಗ ಅವ್ವ?" ಪಲ್ಲವಿ ಅವಳ ಬೆಂಚಿನ ಗೆಳತಿ. ಒಂದನೇ ಕ್ಲಾಸಿನಿಂದ ಇಬ್ಬರೂ ಅಕ್ಕಪಕ್ಕವೇ ಕೂತವರು.

ನಾನು ಧೈರ್ಯವಾಗಿಯೇ ಇದ್ದೆ. ಮನೆಪಾಠದ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಕಿಟಕಿಯ ಪಕ್ಕ ಚೆಂದದ ಮೇಜು, ಮೇಜಿನ ಮೇಲೆ ಹಸಿರು ಗಿಡ, ನಗುವ ತಾಯಿ, ನಗುವ ಮಗು. ಆ ತಾಯಂದಿರ ಮನೆಯಲ್ಲಿ ಯಾರೂ ಊಟ ಮಾಡುವುದಿಲ್ಲವೇ? ಬಟ್ಟೆ ಒಗೆಯುವವರು ಯಾರು? ಅವರ ಅತ್ತೆಯ ಬಿಪಿ ಗುಳಿಗೆ ಖಾಲಿಯಾಗುವುದೇ ಇಲ್ಲವೇ?

ನನ್ನ ಗಂಡನಿಗೆ ಔರಾದದಲ್ಲಿ ಕೆಲಸ. ರೈಲಿಲ್ಲದ ಊರು, ಬಸ್ಸೇ ಗತಿ. ಬಸ್ಸಿನ ಟೈಮಿಗೆ ಡಬ್ಬಿ ಕಟ್ಟಬೇಕು. ಅದು ಮುಗಿಯಿತೆಂದು ಇಂಗ್ಲಿಷ್ ಪುಸ್ತಕ ತೆರೆದರೆ ಬಾಗಿಲಲ್ಲಿ ಚಿಂತಾಕಿಯ ನೆಂಟರು. ಅತ್ತೆಯ ತವರು ಅದು. ಅಲ್ಲಿಂದ ಯಾರೇ ಬೀದರಿಗೆ ದವಾಖಾನೆಗೆ ಬರಲಿ, ಕಚೇರಿ ಕೆಲಸಕ್ಕೆ ಬರಲಿ, ಊಟ ನಮ್ಮಲ್ಲೇ. ಅದು ಹಾಗೇ ಇರಬೇಕು, ನನಗೇನೂ ಬೇಸರವಿಲ್ಲ. (ಇದ್ದರೂ ಪೇಪರಿನಲ್ಲಿ ಬರೆದುಕೊಳ್ಳುತ್ತೇನೆಯೇ? ಅತ್ತೆ ಈ ಅಂಕಣ ಓದಿಸಿ ಕೇಳುತ್ತಾರೆ.)

ಇಷ್ಟರ ನಡುವೆ ನಾನು ಗಮನಿಸದ ಒಂದು ಸಂಗತಿ ನಡೆಯುತ್ತಿತ್ತು. ಮನೆಯಲ್ಲಿ ಒಂದು ಹೊಸ ಮಾತು ಹುಟ್ಟಿಕೊಂಡಿತ್ತು. "ಸ್ನೇಹಾ ಮನ್ಯಾಗೇ ಇದ್ದಾಳಲ್ಲ, ಕಳಿಸ್ರಿ!"

ಮೈದುನನ ಅಂಗಡಿಗೆ ಚಹಾ ಒಯ್ಯಬೇಕು, ಸ್ನೇಹಾ ಇದ್ದಾಳಲ್ಲ. ಪಕ್ಕದ ಮನೆಗೆ ಹೆಪ್ಪಿಗೆ ಮಜ್ಜಿಗೆ ಕೊಡಬೇಕು, ಇದ್ದಾಳಲ್ಲ. ಎದುರು ಮನೆಯವರು ಬ್ಯಾಂಕಿಗೆ ಹೋಗಿ ಬರುವವರೆಗೆ ಅವರ ಕೂಸಿನ ಹತ್ತಿರ ಕೂರಬೇಕು, ಅದಕ್ಕೂ ಇದ್ದಾಳೆ. ನಾನೇ ಎಷ್ಟು ಸಲ ಕೊತ್ತಂಬರಿಗೆ ಓಡಿಸಿಲ್ಲ? ಶಾಲೆಯಲ್ಲಿದ್ದರೆ ಗೇಟು ದಾಟಿ ಒಳಗೆ ಹೋಗಿ, "ಜರಾ ಇಕಿನ್ನ ಕಳಿಸ್ರಿ, ಕೊತ್ತಂಬರಿ ತರೋದದ" ಎಂದು ಟೀಚರಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಿತ್ತು?

ಕಳೆದ ಗುರುವಾರ ಭಾಲ್ಕಿಯಲ್ಲಿ ನಮ್ಮ ನೆಂಟರ ಕೂಸಿನ ತೊಟ್ಟಿಲು ಕಾರ್ಯ. ಅತ್ತೆಗೆ ಮೊಣಕಾಲು ನೋವು, ಗಂಡನಿಗೆ ರಜೆಯಿಲ್ಲ. ಮನೆಯ ಪರವಾಗಿ ನಾನೇ ಹೋಗಬೇಕು. ಸ್ನೇಹಾಳಿಗೆ ಭಾಗಾಕಾರದ ಲೆಕ್ಕ ಹಾಕಿಕೊಟ್ಟು, ಎಲ್ಲಿಗೂ ಏಳಬೇಡ ಎಂದು ಹೇಳಿ ಬಸ್ಸು ಹತ್ತಿದೆ. ಭಾಲ್ಕಿಯಲ್ಲಿ ತೊಟ್ಟಿಲು ತೂಗುತ್ತ ನಿಂತಾಗಲೂ ನನ್ನ ತಲೆಯಲ್ಲಿ ಶೇಷ ಉಳಿಯುವ ಲೆಕ್ಕಗಳೇ ತಿರುಗುತ್ತಿದ್ದವು.

ಮಧ್ಯಾಹ್ನ ನೌಬಾದಿನಲ್ಲಿ ಬಸ್ಸಿಳಿದು ಮನೆಗೆ ಬಂದೆ. ಪಡಸಾಲೆಯಲ್ಲಿ ಚಿಂತಾಕಿಯ ಇಬ್ಬರು ನೆಂಟರು ಕೂತಿದ್ದಾರೆ. ಒಳಕೋಣೆಯಲ್ಲಿ ಸ್ನೇಹಾ ಗೋಡೆಗೆ ಒರಗಿ, ಬಾಯಿಗೆ ಔಷಧಿಯ ಪಂಪ್ ಹಿಡಿದುಕೊಂಡಿದ್ದಾಳೆ. ಕೂದಲು, ಹುಬ್ಬು, ಫ್ರಾಕು ಎಲ್ಲ ಬೆಳ್ಳಗೆ. ಪ್ರತಿ ಉಸಿರಿಗೂ ಭುಜ ಮೇಲೇಳುತ್ತಿದೆ. ಅತ್ತೆ ಸೆರಗಿನಿಂದ ಗಾಳಿ ಬೀಸುತ್ತಿದ್ದಾರೆ.

ಆಗಿದ್ದಿಷ್ಟು. ನೆಂಟರು ಬಂದಿದ್ದಾರೆ, ಡಬ್ಬಿಯಲ್ಲಿ ಹಿಟ್ಟಿಲ್ಲ. ಅತ್ತೆ ಜೋಳ ಹಾಕಿಕೊಟ್ಟು ಸ್ನೇಹಾಳನ್ನು ಗಿರಣಿಗೆ ಕಳಿಸಿದ್ದಾರೆ. ಅಲ್ಲಿ ಪಾಳಿ ಉದ್ದವಿತ್ತು. ಇವಳು ಬೀಸುವ ಯಂತ್ರದ ಪಕ್ಕದಲ್ಲೇ ಮೂಟೆಯ ಮೇಲೆ ಕೂತು, ತನ್ನ ಪಾಳಿ ಬರುವವರೆಗೂ ಹಾರುವ ಹಿಟ್ಟನ್ನೇ ಉಸಿರಾಡಿದ್ದಾಳೆ.

ನನಗೆ ಸಿಟ್ಟು ನೆತ್ತಿಗೇರಿತು. "ಧೂಳು ಬ್ಯಾಡ ಅಂತ ಸಾಲಿನೇ ಬಿಡಿಸೀವಿ. ನೀವು ಗಿರಣಿಗಿ ಕಳಿಸೀರಲ್ರಿ ಅತ್ತಿ!"

ಅತ್ತೆ ನಿಜವಾಗಿಯೂ ಗಾಬರಿಯಾಗಿದ್ದರು. "ಡಾಕ್ಟರ್ ಧೂಳಿಗಿ ಬ್ಯಾಡ ಅಂದಾರವಾ. ಹಿಟ್ಟಿಗಿ ಅಂದಿಲ್ಲಲ್ಲ! ಉಣ್ಣೂ ಹಿಟ್ಟು ಧೂಳ ಹ್ಯಾಂಗ ಆಗ್ತದ?"

ಹಿಟ್ಟು ನೆಲಕ್ಕೆ ಚೆಲ್ಲಿದರೆ ಬೆರಳಿನಿಂದ ಬಳಿದು ಕಣ್ಣಿಗೊತ್ತಿಕೊಳ್ಳುವ ಹೆಂಗಸು ಆಕೆ. ಅದನ್ನು ಧೂಳು ಎಂದು ಕರೆಯಲು ಆಕೆಯ ನಾಲಿಗೆ ಏಳುವುದಿಲ್ಲ. ನಾನು ಸ್ನೇಹಾಳನ್ನು ಆಟೋದಲ್ಲಿ ದವಾಖಾನೆಗೆ ಒಯ್ದೆ. ಮೂಗಿಗೆ ಮಾಸ್ಕ್ ಹಾಕಿ ಔಷಧಿ ಕೊಟ್ಟರು. ಅವಳ ಉಸಿರು ಹತೋಟಿಗೆ ಬರುವವರೆಗೆ ನಾನು ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಭಯಕ್ಕೋ ಸುಸ್ತಿಗೋ, ನನಗೇ ಗೊತ್ತಾಗಲಿಲ್ಲ.

ಮರಳಿ ಬಂದಾಗ ನೆಂಟರು ಇನ್ನೂ ಉಂಡಿರಲಿಲ್ಲ. ಅತ್ತೆಗೆ ಕೂತು ರೊಟ್ಟಿ ಬಡಿಯಲಾಗದು. ಅದೇ ಹಿಟ್ಟನ್ನು ಕಲಸಿ ನಾನೇ ಬಡಿದೆ. ನನ್ನ ಜನ್ಮದಲ್ಲಿ ಅಷ್ಟು ಜೋರಾಗಿ ರೊಟ್ಟಿ ಬಡಿದಿಲ್ಲ. ಹೊರಗಿನಿಂದ ನೆಂಟರೊಬ್ಬರು, "ಸಾಕು ಬಿಡವಾ ತಂಗಿ, ಎರಡೇ ಸಾಕು" ಅಂದರು, ಪಾಪ.

ಸಂಜೆ ಗಂಡ ಬಂದರು. ಎಲ್ಲರೂ ಕೂತೆವು. ಮೈದುನ, ಮುಂದಿನ ವರ್ಷ ನೋಡೋಣ, ಈ ವರ್ಷ ಹೋದರೆ ಹೋಗಲಿ ಎಂದ. ಅತ್ತೆ, ಇನ್ನು ಮೇಲೆ ನಾನೇ ಕಾಯುತ್ತೇನೆ, ಹೊಸ್ತಿಲು ದಾಟಿಸುವುದಿಲ್ಲ ಎಂದರು. ಗಂಡ ಚಹಾ ಗುಟುಕರಿಸಿ ನನ್ನ ಕಡೆ ತಿರುಗಿದರು.

"ನೀ ಮನ್ಯಾಗೇ ಇರ್ತಿ. ಜರಾ ಲಕ್ಷ್ಯ ಇಡಬೇಕಿತ್ತು."

ಮನ್ಯಾಗೇ ಇರ್ತಿ! ಆಗ ಹೊಳೆಯಿತು ನೋಡಿ. ಸ್ನೇಹಾಳ ಬಗ್ಗೆ ಹುಟ್ಟಿದ ಆ ಮಾತು ಹೊಸದೇನೂ ಅಲ್ಲ. ಮದುವೆಯಾಗಿ ಬಂದ ದಿನದಿಂದ ನನ್ನ ಮೇಲೆ ಇದ್ದದ್ದೇ. ಬೆಳಗಿನಿಂದ ರಾತ್ರಿಯವರೆಗೆ ಕಾಲು ನಿಲ್ಲಿಸದೆ ಓಡಾಡುವವಳನ್ನು ಮನೆಯಲ್ಲೇ ಇರುವವಳು ಎನ್ನುತ್ತಾರೆ. ಮನೆಯಲ್ಲೇ ಇರುವವಳು ಅಂದರೆ ಖಾಲಿ ಇರುವವಳು. ಅದಕ್ಕೇ ಈ ಅಂಕಣವನ್ನೂ ನಾನು ಕುಕ್ಕರಿನ ಪಕ್ಕ ನಿಂತೇ ಬರೆಯುತ್ತೇನೆ. ನನ್ನ ಮೇಲಿದ್ದರೆ ಇರಲಿ ಬಿಡಿ, ಅಭ್ಯಾಸವಾಗಿದೆ. ಅದು ಒಂಬತ್ತು ವರ್ಷದ ಹುಡುಗಿಯ ಮೇಲೂ ಇಷ್ಟು ಸಲೀಸಾಗಿ ಕೂತುಬಿಟ್ಟಿತಲ್ಲ!

ಎಲ್ಲರೂ ಮಾತಾಡಿದ್ದೆವು, ಸ್ನೇಹಾಳನ್ನು ಯಾರೂ ಕೇಳಿರಲಿಲ್ಲ. ಕೇಳಿದೆ. "ನಿಂದೇನು ಮಾತು?"

"ನಾ ಸಾಲಿಗಿ ಹೋಗ್ತೇನಿ."

"ಅಲ್ಲಿ ಧೂಳದಲ್ಲ ಪೋರಿ, ದಮ್ಮು ಹತ್ತತದ" ಎಂದರು ಅತ್ತೆ.

"ಮಾಸ್ಕ್ ಹಾಕ್ಕೊಂಡ್ ಹೋಗ್ತೇನಿ. ಪರೀಕ್ಷಾನೂ ಬರಿತೇನಿ."

"ಮನ್ಯಾಗ ಏನಾಗ್ಯದ ನಿಂಗ? ಅಪ್ಪ ಇದ್ದಾನ, ಅವ್ವ ಇದ್ದಾಳ" ಎಂದರು ಗಂಡ.

ಸ್ನೇಹಾ ತುಂಬ ಸಹಜವಾಗಿ, ಯಾರ ಮೇಲೂ ದೂರಿಲ್ಲದೆ ಹೇಳಿದಳು. "ಸಾಲ್ಯಾಗ ಐತವಾರ ರಜಾ ಇರ್ತದ ಅಪ್ಪ."

ಮೈದುನ ಚಹಾದ ಕಪ್ಪು-ಬಸಿಗಳನ್ನು ತಾನೇ ಎತ್ತಿಕೊಂಡು ಒಳಗೆ ಹೋದ.

ಮರುದಿನ ಡಾಕ್ಟರನ್ನು ಕೇಳಿದೆ. ಮಾಸ್ಕ್ ಹಾಕಿಸಿ, ರಸ್ತೆಯಿಂದ ದೂರದ ಬೆಂಚಿನಲ್ಲಿ ಕೂರಿಸಿದರೆ ಆದೀತು ಎಂದರು. ಹೆಡ್ ಮೇಡಂ ಒಳಗಿನ ಗೋಡೆಯ ಕಡೆಯ ಬೆಂಚು ಕೊಡಿಸಿದರು, ಪಲ್ಲವಿಯನ್ನೂ ಅಲ್ಲಿಗೇ ಕಳಿಸಿದರು. ಸೋಮವಾರ ಸ್ನೇಹಾ ಹೊರಟಳು. ಉಸಿರು ಸರಿಯಿದೆ, ಭಾಗಾಕಾರ ಇನ್ನೂ ಸರಿಯಾಗಬೇಕು.

ಐತವಾರ ಇರುವ ಸಾಲಿಯೊಂದಕ್ಕೆ ಅವಳನ್ನೇನೋ ಕಳಿಸಿದೆ. ನನ್ನ ವಯಸ್ಸಿನವರಿಗೆ ಅಡ್ಮಿಷನ್ ಕೊಡುವಂಥದ್ದು ನಿಮ್ಮ ಕಡೆ ಎಲ್ಲಾದರೂ ಇದೆಯೇ?