ರಿಯಾನಾಳ ಖಾಲಿ ಕೈ ಓಟ

ಗೆಳೆಯರೇ, ಇವತ್ತು ಸಂಜೆ ಈ ಅರಬ್ ನಾಡಿನಲ್ಲಿ ನಾವಿರುವ ಸಿಲಿಕಾನ್ ಓಯಸಿಸ್ ಬಡಾವಣೆಯಲ್ಲಿ ನಮ್ಮ ಮಕ್ಕಳ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಮೋಸದ ಓಟವೊಂದನ್ನು ಕಲಿಸುತ್ತಿದ್ದೆ. ನನ್ನ ಮಗಳು ರಿಯಾನಾ ಚೆಂಡು ತನ್ನ ಬಳಿಯೇ ಇದೆ ಎಂಬಂತೆ ಹೊಟ್ಟೆ ಅವುಚಿಕೊಂಡು ಮೈದಾನದ ಅಂಚಿನ ಕಡೆ ಓಡಬೇಕು. ಎದುರಾಳಿಗಳು ಅವಳ ಬೆನ್ನು ಹತ್ತಿದಾಗ, ನಿಜವಾದ ಚೆಂಡು ಹಿಡಿದ ಫೈಜಾನ್ ನಟ್ಟನಡುವೆ ನುಗ್ಗಬೇಕು.

ಆರು ಸಲವೂ ಅವಳು ಅರ್ಧ ದಾರಿಯಲ್ಲಿ ಕಿಸಕ್ಕನೆ ನಕ್ಕು, ಎರಡೂ ಕೈ ಎತ್ತಿ ತೋರಿಸಿದಳು. "ಐ ಡೋಂಟ್ ಹ್ಯಾವ್ ಇಟ್!"

ಫೈಜಾನ್ ಮೊಣಕೈ ಉಜ್ಜಿಕೊಳ್ಳುತ್ತಾ, "ಖಲಾಸ್ ಅಂಕಲ್, ಇವಳನ್ನ ಚೇಂಜ್ ಮಾಡಿ. ಎಲ್ಲರೂ ನನ್ನ ಮೇಲೇ ಬೀಳ್ತಾರೆ" ಎಂದ.

"ಇನ್ನೊಂದೇ ಸಲ. ಆಗದಿದ್ದರೆ ಶನಿವಾರದ ಮ್ಯಾಚಿಗೆ ನೀನಿಲ್ಲ" ಎಂದು ಮಗಳಿಗೆ ಹೇಳಿದೆ. ಅವಳ ನಗು ನಿಂತಿತು.

ಏಳನೇ ಸಲ ಎಂಥ ಮುಖ ಮಾಡಿಕೊಂಡು ಓಡಿದಳು ಅಂತೀರಿ! ಇಡೀ ಎದುರು ತಂಡ ಅವಳ ಹಿಂದೆ. ಫೈಜಾನ್ ಆರಾಮವಾಗಿ ಗೆರೆ ದಾಟಿದ.

"ಈ ನಾಟಕ ಎಲ್ಲಿ ಕಲಿತೆ ಬಾಯೆ?"

"ಮಮ್ಮಿಯ ಮನೆಯಿಂದ ಗ್ರ್ಯಾನಿ ವಿಡಿಯೋ ಕಾಲ್ ಮಾಡಿದಾಗ ನೀವು ಮಾಡೋ ಫೇಸ್ ಪಪ್ಪಾ. 'ನಾನು ಚೆನ್ನಾಗಿದ್ದೇನೆ ಮಾಮಿ' ಅಂತೀರಲ್ಲ, ಅದು."

ರಿಯಾನಾಳ ಅಮ್ಮ ತೀರಿಹೋಗಿ ಎಂಟು ತಿಂಗಳಾಯಿತು. ಇಷ್ಟು ದಿನದಲ್ಲಿ ಆ ಮುಖ ನೋಡಿ ಮೋಸಹೋದವರು ಇವತ್ತಿನ ಆ ಮಕ್ಕಳು ಮಾತ್ರ.